ಯಾರು ಯಾರೆಂದು ತಿಳಿಯದ ಊರು: ಯುದ್ಧೋತ್ತರ ಇಂಗ್ಲೆಂಡಿನ ಹಳ್ಳಿ ಮತ್ತು ಅದರ ಕೊಲೆಕಥೆಗಳು

ಎರಡನೆಯ ಮಹಾಯುದ್ಧ ಮುಗಿದ 1945ರಿಂದ ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಹಳ್ಳಿಯ ಕೊಲೆಕಥೆಗಳು, ಅಂದರೆ ಒಂದು ಚರ್ಚು, ಒಂದು ಅಂಚೆಕಚೇರಿ, ಒಂದು ಪಬ್ಬು ಮತ್ತು ಪರಸ್ಪರ ಬಳಕೆಯಿರುವ ಹತ್ತಾರು ಮನೆಗಳ ನಡುವೆ ನಡೆದ ಕೊಲೆಯೊಂದನ್ನು ರಕ್ತಪಾತದ ವರ್ಣನೆಗೆ ಕೈಹಾಕದೆ ಸುಳಿವುಗಳ ಜೋಡಣೆಯಿಂದಲೇ ಬಿಡಿಸಿ ತೋರಿಸುವ ಕಾದಂಬರಿಗಳು, ಇಂದು ಬಹುತೇಕ ನೆಮ್ಮದಿಯ ಓದು ಎಂಬ ಹೆಸರು ಪಡೆದಿವೆ. ಆದರೆ ಅವು ಬರೆಯಲ್ಪಟ್ಟ ಕಾಲ ನೆಮ್ಮದಿಯದಾಗಿರಲಿಲ್ಲ. ಬೆಣ್ಣೆಗೂ ಕಲ್ಲಿದ್ದಲಿಗೂ ಸರ್ಕಾರದ ಚೀಟಿ ತೋರಿಸಬೇಕಿದ್ದ, ದೊಡ್ಡ ಮನೆಗಳು ತೆರಿಗೆ ಕಟ್ಟಲಾರದೆ ಕೈಬದಲಾಗುತ್ತಿದ್ದ, ಪಕ್ಕದ ಮನೆಗೆ ಬಂದು ನೆಲೆಸಿದವರ ಹಿನ್ನೆಲೆಯನ್ನು ಯಾರೂ ಖಚಿತವಾಗಿ ಹೇಳಲಾಗದ ಕಾಲವದು. ಆ ಕಾಲದ ಕಾನೂನು, ಆಜ್ಞೆ ಮತ್ತು ನ್ಯಾಯಾಲಯದ ತೀರ್ಪುಗಳ ಪಕ್ಕದಲ್ಲಿಟ್ಟು ಓದಿದಾಗ ಈ ಕಾದಂಬರಿಗಳಲ್ಲಿ ಕೊಲೆಗಿಂತ ಆಳವಾದ ಇನ್ನೊಂದು ಆತಂಕ ಕಾಣುತ್ತದೆ: ತನ್ನೊಳಗಿನ ಜನರನ್ನು ತಾನೇ ಬಲ್ಲೆನೆಂಬ ಹಳ್ಳಿಯ ಹಳೆಯ ಭರವಸೆ ಕುಸಿದುಬಿದ್ದುದು ಮತ್ತು ಆ ಜಾಗವನ್ನು ಸರ್ಕಾರದ ಕಾಗದಪತ್ರ ತುಂಬಲಾರದೆ ಹೋದದ್ದು.

ಈ ಪ್ರಕಾರದ ಚೌಕಟ್ಟು ಸಿದ್ಧವಾದದ್ದು ಎರಡು ಯುದ್ಧಗಳ ನಡುವೆ. 1929ರಲ್ಲಿ ಕ್ಯಾಥೊಲಿಕ್ ಪಾದ್ರಿಯೂ ಲೇಖಕರೂ ಆಗಿದ್ದ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕಥೆಗೆ ಹತ್ತು ಕಟ್ಟುಪಾಡುಗಳನ್ನು ಅರ್ಧ ತಮಾಷೆಯಾಗಿ ವಿಧಿಸಿದರು, ಮರುವರ್ಷ ಜಿ. ಕೆ. ಚೆಸ್ಟರ್ಟನ್ನರ ಅಧ್ಯಕ್ಷತೆಯಲ್ಲಿ ಲಂಡನ್ನಿನಲ್ಲಿ ಡಿಟೆಕ್ಷನ್ ಕ್ಲಬ್ ಎಂಬ ಲೇಖಕರ ಕೂಟ ಆರಂಭವಾಯಿತು. ಅದೇ 1930ರಲ್ಲಿ ಅಗಾಥಾ ಕ್ರಿಸ್ಟಿಯವರ ‘ದ ಮರ್ಡರ್ ಅಟ್ ದ ವಿಕರೇಜ್’ ಪ್ರಕಟವಾಗಿ, ಸೇಂಟ್ ಮೇರಿ ಮೀಡ್ ಎಂಬ ಕಲ್ಪಿತ ಹಳ್ಳಿಯ ಅವಿವಾಹಿತ ವೃದ್ಧೆ ಮಿಸ್ ಮಾರ್ಪಲ್ ಮೊದಲ ಬಾರಿಗೆ ಕಾದಂಬರಿಯೊಂದರಲ್ಲಿ ಕಾಣಿಸಿಕೊಂಡಳು. ಮಾರ್ಪಲ್‌ಳ ವಿಧಾನ ಸರಳ. ಊರಿನ ಪ್ರತಿ ಸರ್ವೆ ನಂಬರಿನ ಹಿಂದಿರುವ ವ್ಯಾಜ್ಯ, ಸಾಲ, ದಾಯಾದಿತನಗಳನ್ನು ಬಾಯಲ್ಲೇ ಹೇಳಬಲ್ಲ ಹಳೆಯ ಶಾನುಭೋಗನಂತೆ ಅವಳು ಪ್ರತಿ ಮನೆಯ ಚರಿತ್ರೆಯನ್ನು ಬಲ್ಲಳು, ಹೊಸ ಮುಖವೊಂದನ್ನು ಕಂಡರೆ ಹಳೆಯ ಮುಖವೊಂದರ ನಡತೆಯೊಡನೆ ಹೋಲಿಸಿ ತೀರ್ಮಾನಕ್ಕೆ ಬರಬಲ್ಲಳು. ಈ ವಿಧಾನ ನಡೆಯಬೇಕಾದರೆ ಊರಿನವರೆಲ್ಲ ಎಲ್ಲರಿಗೂ ಗೊತ್ತಿರಬೇಕು. ಹೊಸಬರು ಬಂದರೂ ಪರಿಚಯದ ಪತ್ರ ಹಿಡಿದು, ಯಾರದೋ ಸೋದರತ್ತೆಯ ಗೆಳತಿಯೆಂದೋ ಯಾರದೋ ರೆಜಿಮೆಂಟಿನವನೆಂದೋ ಬರಬೇಕು. ಕವಿ ಡಬ್ಲ್ಯು. ಎಚ್. ಆಡನ್ 1948ರ ಮೇ ತಿಂಗಳ ಹಾರ್ಪರ್ಸ್ ಪತ್ರಿಕೆಯಲ್ಲಿ ಬರೆದ ಪ್ರಸಿದ್ಧ ಪ್ರಬಂಧವೊಂದರಲ್ಲಿ ಈ ಮುಚ್ಚಿದ ಸಮಾಜವನ್ನೇ ಪ್ರಕಾರದ ಜೀವಾಳವೆಂದು ಗುರುತಿಸಿ, ನಿಷ್ಪಾಪವೆಂದು ಭಾವಿಸಲಾದ ಜಾಗವೊಂದು ಕೊಲೆಯಿಂದ ಕಲುಷಿತಗೊಂಡು ಪತ್ತೇದಾರನಿಂದ ಮತ್ತೆ ಶುದ್ಧವಾಗುವ ಕ್ರಮವನ್ನು ಧಾರ್ಮಿಕ ವಿಧಿಯಂತೆ ವಿವರಿಸಿದರು. ಆಡನ್ ಅದನ್ನು ಬರೆಯುವ ಹೊತ್ತಿಗೆ ಆ ಸಮಾಜದ ಗೋಡೆಗಳು ಆಗಲೇ ಬಿದ್ದಿದ್ದವು ಎಂಬುದು ಗಮನಿಸಬೇಕಾದ ಸಂಗತಿ.

ಗೋಡೆ ಬಿದ್ದದ್ದು ಬಾಂಬಿನಿಂದಲ್ಲ, ಜನರ ಸ್ಥಳಾಂತರದಿಂದ. 1939ರ ಸೆಪ್ಟೆಂಬರ್ ಮೊದಲ ದಿನಗಳಲ್ಲೇ ವೈಮಾನಿಕ ದಾಳಿಯ ಭಯದಿಂದ ಸುಮಾರು 15 ಲಕ್ಷ ಮಕ್ಕಳು, ತಾಯಂದಿರು ಮತ್ತು ಶಿಕ್ಷಕರನ್ನು ನಗರಗಳಿಂದ ಹಳ್ಳಿಗಳಿಗೆ ಕಳುಹಿಸಲಾಯಿತು. ಅದರ ಹಿಂದೆಯೇ ಸೈನಿಕರು, ಹೊಲಗೆಲಸಕ್ಕೆ ಬಂದ ಯುವತಿಯರು, ಇಟಲಿಯ ಯುದ್ಧಕೈದಿಗಳು, ಅಮೆರಿಕದ ಪಡೆಗಳು ಬಂದವು. ದೊಡ್ಡ ಮನೆಗಳನ್ನು ಸರ್ಕಾರ ವಶಪಡಿಸಿಕೊಂಡು ಆಸ್ಪತ್ರೆ, ಶಾಲೆ, ಸೇನಾ ಕಚೇರಿಗಳಾಗಿ ಮಾಡಿತು. ಡೆವನ್ ಪ್ರಾಂತದ ಡಾರ್ಟ್ ನದಿಯ ದಂಡೆಯ ಮೇಲೆ ಕ್ರಿಸ್ಟಿಯವರು 1938ರಲ್ಲಿ ಕೊಂಡಿದ್ದ ಗ್ರೀನ್‌ವೇ ಎಂಬ ಮನೆಯೂ ಅಮೆರಿಕದ ನೌಕಾಪಡೆಗೆ ಸೇರಿತು, ಯುದ್ಧಾನಂತರ ಮನೆ ಮರಳಿ ಕೈಸೇರಿದಾಗ ಅದರ ಗ್ರಂಥಾಲಯದ ಗೋಡೆಯ ಮೇಲ್ಭಾಗದಲ್ಲಿ ಆ ತುಕಡಿಯವನೊಬ್ಬ ತಮ್ಮ ಸಮುದ್ರಯಾನವನ್ನು ಉದ್ದಕ್ಕೂ ಚಿತ್ರಿಸಿದ್ದ ಪಟ್ಟಿ ಉಳಿದಿತ್ತು. ಅದನ್ನು ಅಳಿಸದೆ ಹಾಗೆಯೇ ಇಡಲಾಯಿತು. ವಿಚಿತ್ರವೆಂದರೆ ಯುದ್ಧದ ನಡುವೆ, 1942ರಲ್ಲಿ ಬಂದ ‘ದ ಬಾಡಿ ಇನ್ ದ ಲೈಬ್ರರಿ’ಯಲ್ಲಿ ಯುದ್ಧದ ಸುಳಿವೇ ಇಲ್ಲವೆನ್ನಬಹುದು. ಹಳ್ಳಿಯ ಕಥೆ ತನ್ನ ಕಾಲವನ್ನು ಒಪ್ಪಿಕೊಳ್ಳಲು ಶಾಂತಿ ಬರುವವರೆಗೆ ಕಾಯಿತು.

1939ರ ಅದೇ ಸೆಪ್ಟೆಂಬರಿನ 29ರಂದು ನಡೆದ ಇನ್ನೊಂದು ಕೆಲಸ ಆಗ ಅಷ್ಟೇನೂ ದೊಡ್ಡದೆನಿಸಿರಲಿಲ್ಲ. ರಾಷ್ಟ್ರೀಯ ನೋಂದಣಿ ಕಾಯ್ದೆಯಡಿ ಪ್ರತಿ ಮನೆಯವರೂ ಅಂದು ರಾತ್ರಿ ಮನೆಯಲ್ಲಿದ್ದವರ ಹೆಸರು, ಲಿಂಗ, ಹುಟ್ಟಿದ ದಿನ, ವಿವಾಹ ಸ್ಥಿತಿ ಮತ್ತು ಉದ್ಯೋಗವನ್ನು ನಮೂನೆಯೊಂದರಲ್ಲಿ ತುಂಬಿದರು. ಅದರ ಆಧಾರದ ಮೇಲೆ ಎಲ್ಲರಿಗೂ ಗುರುತಿನ ಚೀಟಿ ಸಿಕ್ಕಿತು. ಸಾಮಾನ್ಯ ನಾಗರಿಕರ ಈ ಚೀಟಿಯಲ್ಲಿ ಭಾವಚಿತ್ರವಿರಲಿಲ್ಲ, ಬೆರಳಚ್ಚೂ ಇರಲಿಲ್ಲ. ಒಂದು ಹೆಸರು, ಒಂದು ಸಂಖ್ಯೆ, ಒಂದು ವಿಳಾಸ, ಒಂದು ಮೊಹರು ಇದ್ದವು, ಅಷ್ಟೆ. 1940ರ ಜನವರಿ 8ರಂದು ಹಂದಿಮಾಂಸ, ಬೆಣ್ಣೆ, ಸಕ್ಕರೆಗಳಿಂದ ಪಡಿತರ ಆರಂಭವಾದಾಗ ಪಡಿತರ ಪುಸ್ತಕ ಈ ನೋಂದಣಿಗೆ ಕಟ್ಟಿಬಿದ್ದಿತು, ಹಾಗಾಗಿ ಚೀಟಿಯಿಲ್ಲದವನಿಗೆ ಊಟವೂ ಇಲ್ಲವೆಂಬಂತಾಯಿತು.

1945ರ ಜುಲೈ ಚುನಾವಣೆಯಲ್ಲಿ ಲೇಬರ್ ಪಕ್ಷ 393 ಸ್ಥಾನ ಗೆದ್ದು ಕ್ಲೆಮೆಂಟ್ ಆಟ್ಲಿ ಪ್ರಧಾನಿಯಾದಾಗ ಯುದ್ಧಕಾಲದ ಈ ಏರ್ಪಾಡುಗಳು ಕೊನೆಗೊಳ್ಳಲಿಲ್ಲ, ಕೆಲವು ಇನ್ನಷ್ಟು ಬಿಗಿಯಾದವು. ಯುದ್ಧದುದ್ದಕ್ಕೂ ಪಡಿತರಕ್ಕೆ ಸಿಕ್ಕಿಬೀಳದಿದ್ದ ಬ್ರೆಡ್ಡಿಗೆ 1946ರ ಜುಲೈಯಲ್ಲಿ ಪಡಿತರ ಬಂದು ಎರಡು ವರ್ಷ ಮುಂದುವರಿಯಿತು. 1947ರ ಜನವರಿಯಿಂದ ಮಾರ್ಚ್‌ವರೆಗಿನ ಭೀಕರ ಹಿಮಪಾತದಲ್ಲಿ ಕಲ್ಲಿದ್ದಲು ಗಣಿಬಾಯಲ್ಲೇ ಸಿಕ್ಕಿಕೊಂಡು, ದೇಶದ ಬಹುಭಾಗದ ಮನೆಗಳಿಗೆ ಬೆಳಿಗ್ಗೆ 9ರಿಂದ 12ರವರೆಗೆ ಮತ್ತು ಮಧ್ಯಾಹ್ನ 2ರಿಂದ 4ರವರೆಗೆ ವಿದ್ಯುತ್ ಬಳಸದಂತೆ ಆಜ್ಞೆಯಾಯಿತು. ಸತ್ತವನ ಆಸ್ತಿಯ ಮೇಲೆ ವಾರಸುದಾರರು ಕಟ್ಟಬೇಕಾದ ಎಸ್ಟೇಟ್ ತೆರಿಗೆ ಅತಿ ದೊಡ್ಡ ಆಸ್ತಿಗಳ ಮಟ್ಟಿಗೆ 1946ರಲ್ಲಿ ಶೇ. 75ಕ್ಕೂ 1949ರಲ್ಲಿ ಶೇ. 80ಕ್ಕೂ ಏರಿತು. ಕಾರ್ಖಾನೆಗೋ ಸೇನೆಗೋ ಹೋದ ಮನೆಗೆಲಸದ ಹೆಣ್ಣುಮಕ್ಕಳು ಮರಳಿ ಬರಲಿಲ್ಲ; ಅವರ ಜಾಗಕ್ಕೆ ಬಂದವರಲ್ಲಿ ಮಧ್ಯ ಮತ್ತು ಪೂರ್ವ ಯೂರೋಪಿನಿಂದ ನೆಲೆತಪ್ಪಿದವರೂ ಇದ್ದರು, ಅವರ ಹಿಂದಿನ ಬದುಕಿಗೆ ಸಾಕ್ಷಿ ಹೇಳಬಲ್ಲವರು ಇಲ್ಲಿರಲಿಲ್ಲ. 1947ರ ಆಗಸ್ಟ್ ನಂತರ ಭಾರತದಿಂದ ಮರಳಿದ ಸೇನಾಧಿಕಾರಿಗಳೂ ಇಂಗ್ಲೆಂಡಿನ ಹಳ್ಳಿಗಳನ್ನು ಹುಡುಕಿಕೊಂಡು ಬಂದರು. ಅಲ್ಲಿ ಅವರನ್ನು ಮೊದಲೇ ಬಲ್ಲವರು ಇರಲಿಲ್ಲ. ಪುಣೆಯಲ್ಲೋ ಬೆಂಗಳೂರು ದಂಡಿನಲ್ಲೋ ಇಪ್ಪತ್ತು ವರ್ಷ ಕರ್ನಲ್ ಆಗಿದ್ದೆನೆಂದು ಹೇಳಿಕೊಂಡ ನೆರೆಮನೆಯವನ ಮಾತನ್ನು ಪರೀಕ್ಷಿಸಲು ಅಲ್ಲಿನ ಯಾವ ಅಂಚೆಯಕ್ಕನಿಗೂ ಸಾಧ್ಯವಿರಲಿಲ್ಲ.

ಈ ಹೊತ್ತಿನಲ್ಲಿ ವಿಮರ್ಶಕರು ಪ್ರಕಾರಕ್ಕೆ ಚರಮಗೀತೆ ಹಾಡತೊಡಗಿದ್ದರು. 1944ರ ಡಿಸೆಂಬರಿನಲ್ಲಿ ರೇಮಂಡ್ ಚಾಂಡ್ಲರ್ ಅಟ್ಲಾಂಟಿಕ್ ಪತ್ರಿಕೆಯಲ್ಲಿ ಇಂಗ್ಲಿಷ್ ಮಾದರಿಯ ಕೃತಕತೆಯನ್ನು ಲೇವಡಿ ಮಾಡಿದರೆ, ಮರುತಿಂಗಳು ಎಡ್ಮಂಡ್ ವಿಲ್ಸನ್ ನ್ಯೂಯಾರ್ಕರ್‌ನಲ್ಲಿ ಇಂಥ ಕಥೆಗಳಲ್ಲಿ ಯಾರು ಯಾರನ್ನು ಕೊಂದರೆ ಯಾರಿಗೇನೆಂಬ ಧಾಟಿಯಲ್ಲಿ ತಳ್ಳಿಹಾಕಿದರು. 1946ರ ಫೆಬ್ರುವರಿಯಲ್ಲಿ ಜಾರ್ಜ್ ಆರ್ವೆಲ್ ಟ್ರಿಬ್ಯೂನ್ ಪತ್ರಿಕೆಗೆ ಬರೆದ ಪ್ರಬಂಧದ ದೃಷ್ಟಿ ಬೇರೆ ಕಡೆಗಿತ್ತು; ಆತ ಮಾತನಾಡಿದ್ದು ಕಾದಂಬರಿಯ ಕೊಲೆಗಳ ಬಗೆಗಲ್ಲ, ನಿಜವಾದ ಕೊಲೆಗಳ ಬಗೆಗೆ. ಮರ್ಯಾದೆ ಉಳಿಸಿಕೊಳ್ಳಲು ವಿಷವಿಕ್ಕುತ್ತಿದ್ದ ಮಧ್ಯಮವರ್ಗದ ಕೊಲೆಗಾರನ ಕಾಲ ಸುಮಾರು 1925ಕ್ಕೆ ಮುಗಿದು, ಯುದ್ಧಕಾಲದಲ್ಲಿ ಉಳಿದದ್ದು ಅರ್ಥವಿಲ್ಲದ, ಬೇರಿಲ್ಲದ ಹಿಂಸೆಯೆಂದು ಆತ ಹೇಳಿದ. ಓದುಗರಂತೂ ಇವರಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮುದ್ರಣದ ಕಾಗದಕ್ಕೂ ಪಡಿತರವಿದ್ದ 1948ರಲ್ಲಿ ಪೆಂಗ್ವಿನ್ ಸಂಸ್ಥೆ ಕ್ರಿಸ್ಟಿಯವರ ಹತ್ತು ಪುಸ್ತಕಗಳನ್ನು ತಲಾ ಒಂದು ಲಕ್ಷದಂತೆ, ಒಟ್ಟು ಹತ್ತು ಲಕ್ಷ ಪ್ರತಿ, ಒಂದೇ ಬಾರಿಗೆ ಹೊರತಂದಿತು.

ಆರ್ವೆಲ್ ನೋಡಿದಂತೆ ನಿಜದ ಕೊಲೆಗಳನ್ನೂ ನೋಡಬೇಕಾಗುತ್ತದೆ, ಏಕೆಂದರೆ 1945ರ ಮೊದಲ ಎರಡು ತಿಂಗಳಲ್ಲಿ ಇಂಗ್ಲೆಂಡಿನ ಗ್ರಾಮಾಂತರದಲ್ಲಿ ನಡೆದ ಎರಡು ಸಾವುಗಳು ಈ ಪ್ರಕಾರದ ಎರಡು ಸಾಧ್ಯತೆಗಳನ್ನು ತೋರಿಸುತ್ತವೆ. ಫೆಬ್ರುವರಿ 14ರಂದು ವಾರಿಕ್‌ಶೈರಿನ ಲೋವರ್ ಕ್ವಿಂಟನ್ ಹಳ್ಳಿಯ ಹೊರಗೆ, ಮಿಯೊನ್ ಬೆಟ್ಟದ ಬುಡದಲ್ಲಿ ಬೇಲಿ ಸವರುತ್ತಿದ್ದ 74 ವರ್ಷದ ಕೃಷಿ ಕಾರ್ಮಿಕ ಚಾರ್ಲ್ಸ್ ವಾಲ್ಟನ್ ತನ್ನದೇ ಬೇಲಿಗತ್ತಿ ಮತ್ತು ಹುಲ್ಲುಗವೆಯಿಂದ ಕೊಲ್ಲಲ್ಪಟ್ಟ. ಸ್ಕಾಟ್ಲೆಂಡ್ ಯಾರ್ಡಿನ ಅತ್ಯಂತ ಹೆಸರಾದ ಪತ್ತೇದಾರ ರಾಬರ್ಟ್ ಫೇಬಿಯನ್ ಬಂದು ಊರಿಗೆ ಊರನ್ನೇ ವಿಚಾರಿಸಿದ. ಹತ್ತಿರದ ಲಾಂಗ್ ಮಾರ್ಸ್ಟನ್ ಶಿಬಿರದ ಇಟಲಿಯ ಯುದ್ಧಕೈದಿಗಳನ್ನು ಪ್ರಶ್ನಿಸಲಾಯಿತು. ಸೈನಿಕರು ಲೋಹಶೋಧಕ ಹಿಡಿದು, ಸತ್ತವನ ಜೇಬಿನಿಂದ ಕಾಣೆಯಾಗಿದ್ದ ಗಡಿಯಾರಕ್ಕಾಗಿ ಹೊಲವನ್ನು ಜಾಲಾಡಿದರು. ಕೊಲೆಗಾರ ಸಿಗಲಿಲ್ಲ. ಗಡಿಯಾರ ಮಾತ್ರ 1960ರಲ್ಲಿ ಸತ್ತವನ ಮನೆಯ ಹಿತ್ತಿಲಲ್ಲೇ ಸಿಕ್ಕಿತು, ಅದರಿಂದ ಏನೂ ತಿಳಿಯಲಿಲ್ಲ. ಊರಿನವರ ಬಿಗಿಮೌನದ ಬಗ್ಗೆ ಫೇಬಿಯನ್ ಮುಂದೆ ತನ್ನ ನೆನಪುಗಳಲ್ಲಿ ಬರೆದ, ಮಾಟಮಂತ್ರದ ಕತೆಗಳು ಹುಟ್ಟಿಕೊಂಡವು, ಮಾಟಗಾತಿಯರ ಆರಾಧನೆಯ ಬಗ್ಗೆ ಬರೆದಿದ್ದ ವಿದ್ವಾಂಸೆ ಮಾರ್ಗರೆಟ್ ಮರ್ರೆಯವರೂ ಇದರಲ್ಲಿ ಆಸಕ್ತಿ ತೋರಿದರು. ಕಾದಂಬರಿಯ ಹಳ್ಳಿ ಮಾತನಾಡಿ ಮಾತನಾಡಿಯೇ ಕೊಲೆಗಾರನನ್ನು ಒಪ್ಪಿಸುತ್ತದೆ. ನಿಜದ ಹಳ್ಳಿ ಬಾಯಿ ಮುಚ್ಚಿಕೊಂಡರೆ ಲಂಡನ್ನಿನ ಪತ್ತೇದಾರ ಬರಿಗೈಯಲ್ಲಿ ಮರಳಬೇಕಾಗುತ್ತದೆ.

ಇನ್ನೊಂದು ಸಾವು ಅದಕ್ಕೂ ಒಂದು ತಿಂಗಳು ಮುಂಚಿನದು. ಜನವರಿ 9ರಂದು ಶ್ರಾಪ್‌ಶೈರಿನ ಒಂಟಿ ತೋಟದ ಮನೆಯಲ್ಲಿ, ವೇಲ್ಸಿನ ನ್ಯೂಪೋರ್ಟ್ ಪುರಸಭೆ ಸಾಕಲೆಂದು ಒಪ್ಪಿಸಿದ್ದ 12 ವರ್ಷದ ಬಾಲಕನೊಬ್ಬ ಹೊಡೆತ ಮತ್ತು ಹಸಿವಿನಿಂದ ಸತ್ತ. ಸಾಕುತಂದೆಗೆ ನರಹತ್ಯೆಯ ಅಪರಾಧಕ್ಕಾಗಿ ಆರು ವರ್ಷದ ಸೆರೆವಾಸವಾಯಿತು. ಸರ್ ವಾಲ್ಟರ್ ಮಾಂಕ್ಟನ್ ನಡೆಸಿದ ವಿಚಾರಣೆ ಮಕ್ಕಳ ಮೇಲ್ವಿಚಾರಣೆಯಲ್ಲಿ ಆಡಳಿತ ಹೇಗೆ ಎಡವಿತೆಂಬುದನ್ನು ಬಯಲುಮಾಡಿತು. 1946ರ ಕರ್ಟಿಸ್ ಸಮಿತಿಯ ವರದಿಯ ಬೆನ್ನಿಗೆ ಬಂದ 1948ರ ಮಕ್ಕಳ ಕಾಯ್ದೆ ಪ್ರತಿ ಸ್ಥಳೀಯ ಆಡಳಿತದಲ್ಲೂ ಹೆತ್ತವರ ಆಸರೆಯಿಲ್ಲದ ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗವನ್ನು ಕಡ್ಡಾಯ ಮಾಡಿತು. ಇದೇ ಘಟನೆ ಇನ್ನೊಂದು ದಾರಿಯಲ್ಲೂ ಹರಿಯಿತು. ರಾಣಿ ಮೇರಿಯ 80ನೆಯ ಹುಟ್ಟುಹಬ್ಬಕ್ಕೆಂದು ಬಿಬಿಸಿ ಕ್ರಿಸ್ಟಿಯವರಿಂದ ರೇಡಿಯೊ ನಾಟಕವೊಂದನ್ನು ಬರೆಯಿಸಿ 1947ರ ಮೇ 30ರಂದು ಪ್ರಸಾರ ಮಾಡಿತು. ಹಿಮದಲ್ಲಿ ಸಿಕ್ಕಿಬಿದ್ದ ಅತಿಥಿಗೃಹ, ಹೊಸದಾಗಿ ಅದನ್ನು ನಡೆಸತೊಡಗಿದ ಯುವ ದಂಪತಿ, ಒಬ್ಬರ ಪೂರ್ವಾಪರ ಒಬ್ಬರಿಗೆ ತಿಳಿಯದ ಅತಿಥಿಗಳು, ಮತ್ತು ಹಿಂದೊಮ್ಮೆ ತೋಟದ ಮನೆಯಲ್ಲಿ ಸತ್ತ ಮಗುವಿನ ಲೆಕ್ಕ ತೀರಿಸಲು ಬಂದಿರುವ ಅವರಲ್ಲೊಬ್ಬರು: ಇದು ಅದರ ಹೂರಣ. ಅದೇ ವಿಸ್ತರಿಸಿ ‘ದ ಮೌಸ್‌ಟ್ರ್ಯಾಪ್’ ಎಂಬ ಹೆಸರಿನಲ್ಲಿ 1952ರ ನವೆಂಬರ್ 25ರಂದು ಲಂಡನ್ನಿನ ಆಂಬಾಸಡರ್ಸ್ ರಂಗಮಂದಿರಕ್ಕೆ ಬಂದು, 2020ರ ಮಾರ್ಚ್‌ನಲ್ಲಿ ಸಾಂಕ್ರಾಮಿಕ ರೋಗ ರಂಗಮಂದಿರಗಳನ್ನು ಮುಚ್ಚಿಸುವವರೆಗೂ ಲಂಡನ್ನಿನಲ್ಲಿ ನಿಲ್ಲದೆ ನಡೆಯಿತು. ನೋಡಲು ಹೋಗುವ ಪ್ರವಾಸಿಗಳಲ್ಲಿ ಹೆಚ್ಚಿನವರಿಗೆ ಅದರ ಬೇರಿನಲ್ಲಿರುವ ಮಗುವಿನ ಸುದ್ದಿ ಗೊತ್ತಿರುವುದಿಲ್ಲ. ಬೆಚ್ಚಗಿನ ಮನರಂಜನೆಯೆಂದು ಹೆಸರಾದ ಪ್ರಕಾರದ ಅತ್ಯಂತ ಯಶಸ್ವಿ ಕೃತಿ ಸರ್ಕಾರವೊಂದು ತನ್ನ ಆಶ್ರಿತ ಮಗುವನ್ನು ಕಡೆಗಣಿಸಿದ ಕಥೆಯ ಮೇಲೆ ನಿಂತಿದೆ.

ಗುರುತಿನ ಪ್ರಶ್ನೆ ಈ ವರ್ಷಗಳಲ್ಲಿ ಒಬ್ಬರ ಬೆನ್ನಿಗೊಬ್ಬರಂತೆ ಲೇಖಕರನ್ನು ಕಾಡಿತು. 1948ರ ‘ಟೇಕನ್ ಅಟ್ ದ ಫ್ಲಡ್’ ಕಾದಂಬರಿಯಲ್ಲಿ ಲಂಡನ್ನಿನ ಬಾಂಬ್ ದಾಳಿಯಲ್ಲಿ ಸತ್ತ ಶ್ರೀಮಂತನ ಎಳೆಯ ವಿಧವೆಗೆ ಆಸ್ತಿಯೆಲ್ಲ ಹೋಗಿ, ಅವನನ್ನೇ ನಂಬಿದ್ದ ಹಳ್ಳಿಯ ಬಂಧುಗಳು ಏರಿದ ತೆರಿಗೆಯ ಕೆಳಗೆ ನಲುಗುತ್ತಿರುವಾಗ, ಆಕೆಯ ಮೊದಲ ಗಂಡ ಸತ್ತಿರುವುದು ನಿಜವೇ ಎಂಬ ಅನುಮಾನ ಏಳುತ್ತದೆ. ನೌಕಾಪಡೆಯ ಮಹಿಳಾ ದಳದಿಂದ ಬಿಡುಗಡೆಯಾಗಿ ಊರಿಗೆ ಮರಳಿದ ಯುವತಿಯೊಬ್ಬಳ ಅಸಮಾಧಾನವನ್ನು ಕ್ರಿಸ್ಟಿ ಅದರಲ್ಲಿ ಬಿಡಿಸಿರುವ ರೀತಿ ಯಾವ ಸಮಾಜಶಾಸ್ತ್ರಜ್ಞನ ವರದಿಗೂ ಕಡಿಮೆಯದಲ್ಲ. ಜೋಸೆಫಿನ್ ಟೇಯವರ 1949ರ ‘ಬ್ರ್ಯಾಟ್ ಫ್ಯಾರರ್’ ಕಾದಂಬರಿಯಲ್ಲಿ, ಸತ್ತನೆಂದು ಭಾವಿಸಲಾದ ವಾರಸುದಾರನ ವೇಷ ಧರಿಸಿದವನೊಬ್ಬ ಗ್ರಾಮಾಂತರದ ಕುಟುಂಬವೊಂದರ ಊಟದ ಮೇಜಿಗೇ ಬಂದು ಕುಳಿತುಕೊಳ್ಳುತ್ತಾನೆ.

ಆದರೆ ಈ ಎಳೆಗಳೆಲ್ಲ ಒಂದೆಡೆ ಗಂಟಾದದ್ದು 1950ರ ಜೂನ್‌ನಲ್ಲಿ, ಕ್ರಿಸ್ಟಿಯವರ ಐವತ್ತನೆಯ ಪುಸ್ತಕವೆಂಬ ಪ್ರಚಾರದೊಂದಿಗೆ ಬಂದ ‘ಎ ಮರ್ಡರ್ ಈಸ್ ಅನೌನ್ಸ್‌ಡ್’ ಕಾದಂಬರಿಯಲ್ಲಿ. ಚಿಪ್ಪಿಂಗ್ ಕ್ಲೆಗಾರ್ನ್ ಎಂಬ ಹಳ್ಳಿಯ ಸ್ಥಳೀಯ ಪತ್ರಿಕೆಯಲ್ಲಿ ಒಂದು ಶುಕ್ರವಾರ ಬೆಳಿಗ್ಗೆ, ಅದೇ ಸಂಜೆ ಆರೂವರೆಗೆ ಲಿಟಲ್ ಪ್ಯಾಡಕ್ಸ್ ಎಂಬ ಮನೆಯಲ್ಲಿ ಕೊಲೆ ನಡೆಯಲಿದೆಯೆಂಬ ಜಾಹೀರಾತು ಕಾಣಿಸಿಕೊಳ್ಳುತ್ತದೆ. ನೆರೆಯವರೆಲ್ಲ ಒಂದೊಂದು ನೆಪ ಹೂಡಿಕೊಂಡು ಆ ಹೊತ್ತಿಗೆ ಅಲ್ಲಿ ಸೇರುತ್ತಾರೆ. ಬಂದವರು ಮೊದಲು ಗಮನಿಸುವುದು ಆ ಮನೆಯಲ್ಲಿ ಮನೆ ಬೆಚ್ಚಗಿಡುವ ಕೊಳವೆಗಳು ಬಿಸಿಯಾಗಿವೆಯೆಂಬುದನ್ನು, ಏಕೆಂದರೆ ಕಲ್ಲಿದ್ದಲಿನಿಂದ ತಯಾರಾಗುವ ಕೋಕ್ ಎಂಬ ಉರುವಲಿಗೆ ಅಷ್ಟು ಅಭಾವ. ಆ ಮನೆಯ ಅಡುಗೆಯವಳು ಮಿಟ್ಸಿ ಮಧ್ಯ ಯೂರೋಪಿನ ನಿರಾಶ್ರಿತೆ. ಪೊಲೀಸರನ್ನು ಕಂಡರೆ ನಡುಗುವ ಅವಳನ್ನು ಊರಿನವರು ಸುಳ್ಳುಗಾತಿಯೆಂದು ನಗುತ್ತಾರೆ, ಲೇಖಕಿಯೂ ಒಂದಿಷ್ಟು ನಗುತ್ತಾರೆ, ಮತ್ತು ಆ ನಗೆ ಇಂದಿನ ಓದುಗರಿಗೆ ಇರಿಸುಮುರಿಸು ತರುತ್ತದೆ. ತನಿಖೆಗೆ ಬಂದ ಇನ್ಸ್‌ಪೆಕ್ಟರ್ ಕ್ರ್ಯಾಡಕ್‌ಗೆ, ಗುರುವಾರ ಯಾವುದೋ ತೋಟದಲ್ಲಿ ಬೆಣ್ಣೆ ಕಡೆಯುತ್ತಾರೆ, ಅದನ್ನು ಒಬ್ಬರು ತಂದು ಬೇಕಾದವರ ಮನೆಗಳಿಗೆ ಹಂಚುತ್ತಾರೆ, ಬದಲಿಗೆ ಸೌತೆಕಾಯಿಯೋ ಮೊಟ್ಟೆಯೋ ಹಂದಿಮಾಂಸವೋ ಇನ್ನೊಂದು ಕಡೆಯಿಂದ ಬರುತ್ತದೆ, ಅದಕ್ಕಾಗಿ ಹಗಲೆಲ್ಲ ಮನೆಗಳ ಪಕ್ಕದ ಬಾಗಿಲು ತೆರೆದಿರುತ್ತದೆ ಎಂಬ ಗುಟ್ಟು ತಿಳಿಯುತ್ತದೆ. ಪಡಿತರದ ಕಾನೂನಿಗೆ ಇದೆಲ್ಲ ವಿರುದ್ಧವೇ. ಆದರೆ ಹಳೆಯ ಬಳಕೆಯ ಸಂಬಂಧಗಳು ಅಳಿದ ಊರಿನಲ್ಲಿ ನೆರೆಯವರನ್ನು ಮತ್ತೆ ಒಂದುಗೂಡಿಸಿದ್ದು ಕಳ್ಳ ಬೆಣ್ಣೆಯೇ ಎಂಬುದನ್ನು ಕ್ರಿಸ್ಟಿ ಬಹಳ ಚೆನ್ನಾಗಿ ಗ್ರಹಿಸಿದ್ದರು.

ಕೊಲೆಗಾರ ಯಾರೆಂಬುದನ್ನು ಇಲ್ಲಿ ಹೇಳುವುದು ಓದದವರಿಗೆ ಮಾಡುವ ಅನ್ಯಾಯ. ಕಾದಂಬರಿಯ ನಡುವೆ ಮಿಸ್ ಮಾರ್ಪಲ್ ಕ್ರ್ಯಾಡಕ್‌ನಿಗೆ ವಿವರಿಸುವ ವಿಚಾರವಷ್ಟೇ ಇಲ್ಲಿ ಮುಖ್ಯ. ಹದಿನೈದು ವರ್ಷದ ಹಿಂದೆ ಹಳ್ಳಿಗೆ ಬಂದವರನ್ನು ಬಲ್ಲವರು ಯಾರಾದರೂ ಇರುತ್ತಿದ್ದರು, ಈಗ ಭಾರತದಿಂದ, ಹಾಂಗ್‌ಕಾಂಗಿನಿಂದ, ಚೀನಾದಿಂದ ಬಂದು ನೆಲೆಸಿದವರ ಬಗ್ಗೆ ಅವರೇ ಹೇಳಿಕೊಂಡದ್ದನ್ನು ಬಿಟ್ಟರೆ ಬೇರೇನೂ ತಿಳಿಯದು ಎಂದು ಅವಳು ಹೇಳುತ್ತಾಳೆ. ಗುರುತಿನ ಚೀಟಿಗಳಿಗೆ ಸಂಖ್ಯೆಯಿದೆಯೇ ಹೊರತು ಮುಖವಿಲ್ಲ, ಆದ್ದರಿಂದ ಮನಸ್ಸು ಮಾಡಿದವನಿಗೆ ತಕ್ಕ ಚೀಟಿ ಸಂಪಾದಿಸುವುದು ಕಷ್ಟವಲ್ಲ ಎಂದು ಕ್ರ್ಯಾಡಕ್ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ. ಆ ವೇಳೆಗೆ ದೇಶದಲ್ಲಿ ಯುದ್ಧಕಾಲದ ಸೇನೆಯಿಂದ ತಪ್ಪಿಸಿಕೊಂಡ ಸಾವಿರಾರು ಮಂದಿ ಸುಳ್ಳು ಹೆಸರುಗಳಲ್ಲಿ ಬದುಕಿದ್ದರು ಎಂಬುದನ್ನು ನೆನೆದರೆ, ಇದನ್ನು ಮುದುಕಿಯೊಬ್ಬಳ ಗೊಣಗಾಟವೆಂದು ಬಿಡುವಂತಿಲ್ಲ. ಹೀಗೆ ತಪ್ಪಿಸಿಕೊಂಡವರಿಗೆ ಪ್ರಧಾನಿ ಚರ್ಚಿಲ್ ಕ್ಷಮಾದಾನ ಘೋಷಿಸಿದ್ದು 1953ರ ಫೆಬ್ರುವರಿಯಲ್ಲಿ.

ಪುಸ್ತಕ ಹೊರಬಂದ ಆರು ತಿಂಗಳಿಗೆ ಚೀಟಿಯ ಹಣೆಬರಹವೇ ನ್ಯಾಯಾಲಯಕ್ಕೆ ಬಂದಿತು. 1950ರ ಡಿಸೆಂಬರ್ 7ರಂದು ಲಂಡನ್ನಿನ ಫಿಂಚ್ಲಿಯಲ್ಲಿ ವೇಗವಾಗಿ ಕಾರು ಓಡಿಸಿದ ಕಾರಣಕ್ಕೆ ತಡೆಯಲ್ಪಟ್ಟ ಕ್ಲಾರೆನ್ಸ್ ವಿಲ್ಕಾಕ್ ಎಂಬಾತ ಗುರುತಿನ ಚೀಟಿ ತೋರಿಸಲು ನಿರಾಕರಿಸಿದ. ಮೇಲ್ಮನವಿಯಲ್ಲಿ ಮುಖ್ಯ ನ್ಯಾಯಮೂರ್ತಿ ಲಾರ್ಡ್ ಗೊಡಾರ್ಡ್ 1951ರ ಜೂನ್‌ನಲ್ಲಿ ಅವನ ಅಪರಾಧವನ್ನು ಎತ್ತಿಹಿಡಿದರೂ ಶಿಕ್ಷೆ ವಿಧಿಸಲಿಲ್ಲ. ಯುದ್ಧದ ಭದ್ರತೆಗೆಂದು ಮಾಡಿದ ಕಾಯ್ದೆಯನ್ನು ಶಾಂತಿಕಾಲದಲ್ಲಿ ಪೊಲೀಸರು ಎಗ್ಗಿಲ್ಲದೆ ಬಳಸುವುದು ಕಾನೂನು ಪಾಲಿಸುವ ಜನರನ್ನೇ ಪೊಲೀಸರ ವಿರುದ್ಧ ತಿರುಗಿಸುತ್ತದೆಂದು ಎಚ್ಚರಿಸಿದರು. ಚರ್ಚಿಲ್ಲರ ಹೊಸ ಸರ್ಕಾರ 1952ರ ಫೆಬ್ರುವರಿ 21ರಂದು ಚೀಟಿಯನ್ನು ರದ್ದುಗೊಳಿಸಿತು. ಊರಿನ ಬಾಯಿಮಾತಿನ ಜ್ಞಾನ ಅಳಿದಿತ್ತು, ಅದರ ಬದಲು ಬಂದ ಕಾಗದವನ್ನೂ ಆಂಗ್ಲರು ಸ್ವಖುಷಿಯಿಂದ ಎಸೆದರು.

ಉಳಿದ ಲೇಖಕರು ಇದೇ ಕುಸಿತವನ್ನು ಬೇರೆ ಬೇರೆ ಕೋನಗಳಿಂದ ಕಂಡರು. ಜಿಲ್ಲಾ ಮಟ್ಟದ ನ್ಯಾಯಾಧೀಶರಾಗಿದ್ದುಕೊಂಡು ಸಿರಿಲ್ ಹೇರ್ ಎಂಬ ಕಾವ್ಯನಾಮದಲ್ಲಿ ಬರೆಯುತ್ತಿದ್ದ ಗಾರ್ಡನ್ ಕ್ಲಾರ್ಕ್, 1951ರ ‘ಆ್ಯನ್ ಇಂಗ್ಲಿಷ್ ಮರ್ಡರ್’ ಕಾದಂಬರಿಯಲ್ಲಿ ಕ್ರಿಸ್‌ಮಸ್ ಹಿಮ, ಶಿಥಿಲ ಅರಮನೆ, ಒಬ್ಬನೇ ಉಳಿದ ವೃದ್ಧ ಬಟ್ಲರ್ ಮುಂತಾದ ಹಳೆಯ ಸಾಮಗ್ರಿಯನ್ನೆಲ್ಲ ಸಜ್ಜುಗೊಳಿಸಿ, ರಹಸ್ಯವನ್ನು ಬಿಡಿಸುವ ಕೆಲಸವನ್ನು ಆಂಗ್ಲರಿಗಿಂತ ಚೆನ್ನಾಗಿ ಇಂಗ್ಲೆಂಡಿನ ರಾಜ್ಯಾಂಗ ಇತಿಹಾಸವನ್ನು ಬಲ್ಲ ಹೊರದೇಶದ ವಿದ್ವಾಂಸನಿಗೆ ಒಪ್ಪಿಸಿದರು; ಮಿಟ್ಸಿಯ ಚಿತ್ರಣಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇರೆ ಬೇಕಿಲ್ಲ. ಎಡ್ಮಂಡ್ ಕ್ರಿಸ್ಪಿನ್ 1948ರಲ್ಲಿ ತಮ್ಮ ಪತ್ತೇದಾರ ಪ್ರೊಫೆಸರನನ್ನು ಹಳ್ಳಿಯೊಂದರಲ್ಲಿ ಚುನಾವಣೆಗೆ ನಿಲ್ಲಿಸಿ ನಗಿಸಿದರು. ಕ್ರಿಸ್ಟಿಯವರ 1952ರ ‘ಮಿಸೆಸ್ ಮೆಗಿಂಟೀಸ್ ಡೆಡ್’ ಕಾದಂಬರಿಯಲ್ಲಿ ಸಾಯುವವಳು ಮನೆಮನೆಗೆ ಹೋಗಿ ನೆಲ ಒರೆಸುವ ಹೆಂಗಸು. ಎಲ್ಲ ಮನೆಗಳ ಒಳಗನ್ನೂ ಕಂಡಿದ್ದ ಕೊನೆಯ ವ್ಯಕ್ತಿ ಅವಳೇ ಆಗಿದ್ದುದು ಕಾಕತಾಳೀಯವಲ್ಲ.

ಈ ಪುಸ್ತಕಗಳು ಮೌನವಾಗಿ ದಾಟಿಹೋಗುವ ಒಂದು ಜಾಗವಿದೆ, ಅದು ಗಲ್ಲುಕಂಬ. ಕೊಲೆಗೆ ಮರಣದಂಡನೆ ಕಡ್ಡಾಯವಾಗಿದ್ದ ದೇಶವದು. 1948ರ ಏಪ್ರಿಲ್‌ನಲ್ಲಿ ಕಾಮನ್ಸ್ ಸಭೆ ಐದು ವರ್ಷ ಅದನ್ನು ಅಮಾನತಿನಲ್ಲಿಡಲು ಮತ ಹಾಕಿದರೂ ಜೂನ್‌ನಲ್ಲಿ ಲಾರ್ಡ್ಸ್ ಸಭೆ ತಿರಸ್ಕರಿಸಿತು. ಕ್ರಿಸ್ಟಿಯವರ ಐವತ್ತನೆಯ ಪುಸ್ತಕ ಬರುವ ಮೂರು ತಿಂಗಳ ಮೊದಲು, 1950ರ ಮಾರ್ಚ್ 9ರಂದು, ಟಿಮೊಥಿ ಇವಾನ್ಸ್ ತನ್ನ ಮಗುವಿನ ಕೊಲೆಗಾಗಿ ನೇಣಿಗೇರಿದ. ಆತ ಬೊಟ್ಟು ಮಾಡಿ ತೋರಿಸಿದ್ದ ಕೆಳಮನೆಯ ಜಾನ್ ಕ್ರಿಸ್ಟಿ ಸರಣಿ ಹಂತಕನೆಂಬುದು 1953ರಲ್ಲಿ ಬಯಲಾಯಿತು, ಇವಾನ್ಸ್‌ಗೆ ಮರಣೋತ್ತರ ಕ್ಷಮಾದಾನ ಸಿಕ್ಕಿದ್ದು 1966ರಲ್ಲಿ. ಕೊಲೆಗಾರನ ಗುರುತು ನೂರಕ್ಕೆ ನೂರು ಖಚಿತವೆಂಬ ಕಾದಂಬರಿಯ ಒಪ್ಪಂದ ಎಷ್ಟು ದೊಡ್ಡ ಸಮಾಧಾನವಾಗಿತ್ತೆಂಬುದು ಇದರಿಂದ ತಿಳಿಯುತ್ತದೆ. ಕೊನೆಯ ಅಧ್ಯಾಯದಲ್ಲಿ ಎಲ್ಲವೂ ವಿವರಿಸಲ್ಪಡುತ್ತದೆ, ಶಿಕ್ಷೆಯಾದ ಮೂರು ವಾರದ ನಂತರ ಬರುವ ನೇಣಿನ ಬೆಳಗಿನ ಬಗ್ಗೆ ಯಾರೂ ಮಾತನಾಡುವುದಿಲ್ಲ. ಕೊಲೆಗೆ ಮರಣದಂಡನೆ ಹೋದದ್ದು 1965ರಲ್ಲಿ.

ವಿದ್ವಾಂಸರು ಈ ಸಾಹಿತ್ಯವನ್ನು ಅಳೆದ ರೀತಿ ಒಂದೇ ಬಗೆಯದಲ್ಲ. ಸ್ವತಃ ಪತ್ತೇದಾರಿ ಲೇಖಕರಾಗಿದ್ದ ಕಾಲಿನ್ ವಾಟ್ಸನ್ 1971ರಲ್ಲಿ ಇಂಥ ಹಳ್ಳಿಗೆ ‘ಮೇಹೆಮ್ ಪಾರ್ವಾ’ ಎಂದು ಅಣಕದ ಹೆಸರಿಟ್ಟು, ಅದನ್ನು ಮೇಲುವರ್ಗದ ಜಂಬದ ಕೋಟೆಯೆಂದರು. ಮರುವರ್ಷ ಜೂಲಿಯನ್ ಸೈಮನ್ಸ್ ಪ್ರಕಾರ ಒಗಟಿನಿಂದ ಅಪರಾಧದ ಮನಶ್ಶಾಸ್ತ್ರದತ್ತ ಬೆಳೆದು ಈ ಹಂತವನ್ನು ಹಿಂದೆ ಬಿಟ್ಟಿತೆಂದು ವಾದಿಸಿದರು. 1991ರಲ್ಲಿ ಆ್ಯಲಿಸನ್ ಲೈಟ್ ಎರಡು ಯುದ್ಧಗಳ ನಡುವಿನ ಕ್ರಿಸ್ಟಿಯವರನ್ನು ಮರುಓದಿ, ಆ ಸಂಪ್ರದಾಯಪ್ರಿಯತೆಯೊಳಗೆ ಆಧುನಿಕತೆಯೊಂದು ಅಡಗಿದೆಯೆಂದು ತೋರಿಸಿದರು. ಯುದ್ಧೋತ್ತರ ಕೃತಿಗಳ ಮಟ್ಟಿಗೆ ವಾಟ್ಸನ್ನರ ಟೀಕೆ ಅರ್ಧ ಮಾತ್ರ ನಿಲ್ಲುತ್ತದೆ. ಜಂಬ ಅಲ್ಲಿ ಇದೆ, ಆದರೆ ಕೋಟೆಯಿಲ್ಲ.

1954ರ ಜುಲೈ 4ರಂದು ಮಾಂಸದ ನಿಯಂತ್ರಣ ಮುಗಿಯುವುದರೊಡನೆ ಹದಿನಾಲ್ಕು ವರ್ಷದ ಪಡಿತರ ಕೊನೆಗೊಂಡಿತು; 1957ರ ‘4.50 ಫ್ರಮ್ ಪ್ಯಾಡಿಂಗ್ಟನ್’ ಕಾದಂಬರಿಯಲ್ಲಿ ಆಕ್ಸ್‌ಫರ್ಡಿನಲ್ಲಿ ಗಣಿತದ ಪ್ರಥಮ ದರ್ಜೆ ಪಡೆದ ಯುವತಿ, ಮನೆಗೆಲಸದವರ ಬರದಲ್ಲಿ ಹಣವಿದೆಯೆಂದು ಲೆಕ್ಕಹಾಕಿ ಅದನ್ನೇ ವೃತ್ತಿಯಾಗಿಸಿಕೊಂಡಳು; 1962ರ ‘ದ ಮಿರರ್ ಕ್ರ್ಯಾಕ್ಡ್ ಫ್ರಮ್ ಸೈಡ್ ಟು ಸೈಡ್’ ಹೊತ್ತಿಗೆ ಸೇಂಟ್ ಮೇರಿ ಮೀಡ್‌ನ ಹುಲ್ಲುಗಾವಲಿನಲ್ಲಿ ಹೊಸ ಬಡಾವಣೆ ಎದ್ದು, ಕೈಗೆ ಬುಟ್ಟಿ ಕೊಟ್ಟು ತಾನೇ ಸಾಮಾನು ಆರಿಸಿಕೊಳ್ಳೆನ್ನುವ ಸೂಪರ್ ಮಾರ್ಕೆಟ್ಟೂ ಬಂದಿತ್ತು. ಲೇಖಕಿ ಹಳ್ಳಿಯನ್ನು ಹೀಗೆ ವರ್ಷದಿಂದ ವರ್ಷಕ್ಕೆ ಮುಂದೆ ಸಾಗಿಸಿದರೆ, ಟೆಲಿವಿಷನ್ ಅದನ್ನು ಒಂದೇ ಕಾಲದಲ್ಲಿ ಮೊಳೆ ಹೊಡೆದು ನಿಲ್ಲಿಸಿತು. ಹ್ಯಾಂಪ್‌ಶೈರಿನ ನೆದರ್ ವಾಲಪ್ ಹಳ್ಳಿಯನ್ನು ಸೇಂಟ್ ಮೇರಿ ಮೀಡ್ ಆಗಿಸಿ, ಜೋನ್ ಹಿಕ್ಸನ್ ಅವರನ್ನು ಮಾರ್ಪಲ್ ಆಗಿಸಿ ಬಿಬಿಸಿ 1984ರಿಂದ 1992ರವರೆಗೆ ತಯಾರಿಸಿದ ಸರಣಿಯ ನಂತರ ಐವತ್ತರ ದಶಕವೇ ಕಥೆಯ ಖಾಯಂ ಕಾಲವಾಯಿತು. 1911ರಲ್ಲಿ ಮೊದಲ ಸಂಕಲನವಾಗಿ ಬಂದಿದ್ದ ಚೆಸ್ಟರ್ಟನ್ನರ ಫಾದರ್ ಬ್ರೌನ್ ಕಥೆಗಳನ್ನು ಕೂಡ ಬಿಬಿಸಿ 2013ರಲ್ಲಿ ಐವತ್ತರ ದಶಕದ ಆರಂಭದ ಕಲ್ಪಿತ ಹಳ್ಳಿಗೆ ಸಾಗಿಸಿತು.

ಹಿಕ್ಸನ್ನರ ಸರಣಿ ಪ್ರಸಾರವಾಗುತ್ತಿದ್ದ ವರ್ಷಗಳಲ್ಲೇ ಲೆಸ್ಟರ್‌ಶೈರಿನ ನಾರ್ಬರೊ ಮತ್ತು ಎಂಡರ್ಬಿ ಹಳ್ಳಿಗಳಲ್ಲಿ ಇಬ್ಬರು ಹದಿಹರೆಯದ ಹುಡುಗಿಯರ ಕೊಲೆಗಳ ತನಿಖೆ ನಡೆಯುತ್ತಿತ್ತು. ಹತ್ತಿರದ ಲೆಸ್ಟರ್ ವಿಶ್ವವಿದ್ಯಾಲಯದ ಆಲೆಕ್ ಜೆಫ್ರೀಸ್ ಆಗಷ್ಟೇ ಕಂಡುಹಿಡಿದಿದ್ದ ಡಿಎನ್‌ಎ ಗುರುತಿನ ವಿಧಾನ ಮೊದಲು ತಪ್ಪೊಪ್ಪಿಕೊಂಡಿದ್ದ ನಿರಪರಾಧಿಯೊಬ್ಬನನ್ನು ಬಿಡಿಸಿತು. ಆಮೇಲೆ 1987ರಲ್ಲಿ ಪೊಲೀಸರು ಆ ಪ್ರದೇಶದ ಹಳ್ಳಿಗಳ ಸುಮಾರು 5,000 ಗಂಡಸರಿಂದ ಸ್ವಇಚ್ಛೆಯ ಮಾದರಿಗಳನ್ನು ಪಡೆದರು. ನೆರೆಯವರ ಸಾಕ್ಷ್ಯವೂ ಬೇಡ, ಭಾವಚಿತ್ರವಿಲ್ಲದ ಚೀಟಿಯೂ ಬೇಡ, ಮನುಷ್ಯನ ಗುರುತನ್ನು ಅವನ ರಕ್ತವೇ ಹೇಳುತ್ತದೆಂಬ ನಂಬಿಕೆ ಅದು. ಕೊಲೆಗಾರ ತನ್ನ ಪಾಸ್‌ಪೋರ್ಟಿನ ಭಾವಚಿತ್ರ ಬದಲಿಸಿ, ಬೇಕರಿಯ ಸಹೋದ್ಯೋಗಿಯೊಬ್ಬನನ್ನು ತನ್ನ ಹೆಸರಿನಲ್ಲಿ ರಕ್ತ ಕೊಡಲು ಕಳುಹಿಸಿದ, ಪರೀಕ್ಷೆಯಲ್ಲಿ ಯಾರೂ ಸಿಕ್ಕಿಬೀಳಲಿಲ್ಲ. ಕೆಲವು ತಿಂಗಳ ಬಳಿಕ ಆ ಸಹೋದ್ಯೋಗಿ ಲೆಸ್ಟರಿನ ಪಬ್ಬೊಂದರಲ್ಲಿ ಈ ವಿಷಯ ಬಾಯಿಬಿಟ್ಟ, ಅದನ್ನು ಕೇಳಿಸಿಕೊಂಡ ಮಹಿಳೆಯೊಬ್ಬರು ಪೊಲೀಸರಿಗೆ ತಿಳಿಸಿದರು, ಮತ್ತು 1988ರ ಜನವರಿಯಲ್ಲಿ ಕೊಲೆಗಾರನಿಗೆ ಜೀವಾವಧಿ ಶಿಕ್ಷೆಯಾಯಿತು.